ಬಲಜೇಬಿನ ಪಿಸ್ತೂಲು

"ಬುದ್ಧಿ, ಜೇಬಿನಲ್ಲಿ ಇಟ್ಟುಕೊಂಡು ದಿನವೂ ಓಡಾಡಲು ಎಂಥ ಪಿಸ್ತೂಲು ಒಳ್ಳೆಯದು?" ಎಂದು ಶಿಷ್ಯ ಕೇಳಿದ.

ಆ ಮಠದಲ್ಲಿ ಜನ ಆತ್ಮದ ಬಗ್ಗೆ ಕೇಳಿದ್ದರು, ಮಗಳ ಮದುವೆಯ ಬಗ್ಗೆ ಕೇಳಿದ್ದರು, ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದೂ ಕೇಳಿದ್ದರು. ಪಿಸ್ತೂಲಿನ ಬಗ್ಗೆ ಕೇಳಿದವರಲ್ಲಿ ಕೊಟ್ರಗೌಡನೇ ಮೊದಲಿಗ. ಅವನು ಕಲ್ಲುಕ್ವಾರಿ ನಡೆಸುವವನು. ಕ್ವಾರಿಯ ಪಾಲಿನ ವಿಷಯದಲ್ಲಿ ಅಣ್ಣನಿಗೂ ಅವನಿಗೂ ಮಾತು ನಿಂತಿತ್ತು. ಅಣ್ಣ ತನ್ನನ್ನು ಉಳಿಸುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಪರವಾನಗಿ ಕೈಗೆ ಬಂದಿತ್ತು, ಪೇಟೆಗೆ ಹೋಗಿ ಕೊಳ್ಳುವುದೊಂದೇ ಬಾಕಿ. ದೊಡ್ಡದನ್ನು ಕೊಂಡರೆ ಎದ್ದು ಕಾಣುತ್ತದೆ, ಚಿಕ್ಕದನ್ನು ಕೊಂಡರೆ ಕೆಲಸಕ್ಕೆ ಬರುತ್ತದೋ ಇಲ್ಲವೋ. ಈ ಚಿಂತೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಇಂಥ ಹೊತ್ತಿಗೆಂದೇ ಗುರುಗಳು ಇರುವುದು ಎಂದು ನಂಬಿದ್ದ.

ಗುರುಗಳು ನಗಲಿಲ್ಲ. "ಒಬ್ಬ ಬೆಲ್ಲದ ವರ್ತಕನೂ ಇದನ್ನೇ ಕೇಳಿದ್ದ. ನನ್ನನ್ನಲ್ಲ, ಅಂಗಡಿಯವನನ್ನು. ಆ ವರ್ತಕ ನಿನಗಿಂತ ತಿಳಿದವನು" ಎಂದು ಹೇಳತೊಡಗಿದರು.

ಒಬ್ಬ ಬೆಲ್ಲದ ವರ್ತಕ. ಅವನ ಮಗ್ಗುಲಿಗೆ ಒಬ್ಬ ಗಾಣದ ಯಜಮಾನ. ಇಬ್ಬರ ನಡುವೆ ಒಂದು ಗಾಡಿದಾರಿ. ವರ್ತಕ ಉಗ್ರಾಣ ದೊಡ್ಡದು ಮಾಡುವಾಗ ಗೋಡೆಯನ್ನು ಆ ದಾರಿಯ ಮೇಲಕ್ಕೆ ತಂದ. ದಾರಿ ತಮ್ಮದೇ ಎನ್ನುವುದಕ್ಕೆ ಇಬ್ಬರ ಬಳಿಯೂ ಬಲವಾದ ಆಧಾರವಿತ್ತು: ಸಾಕ್ಷಿ ಹೇಳಬೇಕಾದ ಇಬ್ಬರ ಅಪ್ಪಂದಿರೂ ತೀರಿಕೊಂಡಿದ್ದರು.

ಗಾಣದ ಯಜಮಾನ ಸಂತೆಯ ನಡುವೆ ನಿಂತು ಕೂಗಿದ: "ಆ ಗೋಡೆ ಎತ್ತಿಸಿದ ಕೈ ಬಿದ್ದು ಹೋಗ್ಲಿ! ನಿನಗೊಂದು ಗತಿ ಕಾಣಿಸ್ದೆ ಇದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ!"

ಸಂತೆಗೆ ಇಂಥ ಮಾತು ಹೊಸದಲ್ಲ. ಅಲ್ಲಿ ಮಾಡಿದ ಶಪಥಗಳೆಲ್ಲ ನೆರವೇರಿದ್ದರೆ ತಕ್ಕಡಿ ಹಿಡಿಯಲು ಆ ಊರಿನಲ್ಲಿ ಜನವೇ ಉಳಿಯುತ್ತಿರಲಿಲ್ಲ. ಆದರೆ ವರ್ತಕ ಮಾತನ್ನು ಮನೆಗೆ ಹೊತ್ತುಕೊಂಡು ಹೋದ. ಕೈ ಬಿದ್ದು ಹೋಗಲಿ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದು ದೇವರು ಮಾಡಬೇಕಾದ ಕೆಲಸ. ಗತಿ ಕಾಣಿಸುವುದು ಮಾತ್ರ ಗಾಣದವನೇ ಮಾಡಬೇಕಾದದ್ದು. ಗಾಣದ ಒನಕೆಯನ್ನು ಒಂಟಿಯಾಗಿ ಎತ್ತುವ ಆ ತೋಳುಗಳನ್ನು ನೆನೆದು ವರ್ತಕ ಪರವಾನಗಿಗೆ ಅರ್ಜಿ ಹಾಕಿದ. ಪರವಾನಗಿ ಬಂದಾಗ ಪಿಸ್ತೂಲಿನ ಅಂಗಡಿಗೆ ಹೋದ.

ಅಂಗಡಿಯವನು ಹಸಿರು ಬಟ್ಟೆಯ ಮೇಲೆ ಮೂರು ಪಿಸ್ತೂಲುಗಳನ್ನಿಟ್ಟ. ವರ್ತಕ ಒಂದನ್ನು ಎತ್ತಿ ಮೂಸಿ ನೋಡಿದ. ಬೆಲ್ಲದ ಅಭ್ಯಾಸ.

ಮೊದಲನೆಯದು ದೊಡ್ಡದು. ಜೇಬಿಗೆ ಹಾಕಿದಾಗ ಜುಬ್ಬ ಒಂದು ಕಡೆಗೆ ಜಗ್ಗಿತು, ಜುಬ್ಬದ ಜೊತೆಗೆ ವರ್ತಕನೂ ಜಗ್ಗಿದ.

"ಇದು ಮನೇಲಿ ಉಳಿಯೋ ಪಿಸ್ತೂಲು ಸಾಹುಕಾರ್ರೇ," ಎಂದ ಅಂಗಡಿಯವನು. "ನಾಲ್ಕು ದಿನ ಹೊರ್ತೀರಿ, ಆಮೇಲೆ ಬೀರುವಲ್ಲಿ ಇಡ್ತೀರಿ. ನಿಮಗಾಗದೋನು ಅವತ್ತೇ ಬರ್ತಾನೆ. ಬೀರುವಲ್ಲಿರೋ ದೊಡ್ಡದಕ್ಕಿಂತ ಜೇಬಲ್ಲಿರೋ ಚಿಕ್ಕದು ಮೇಲು."

ಎರಡನೆಯದು ಚಿಕ್ಕದೇ. ಆದರೆ ಅದರ ಬೆನ್ನ ಮೇಲೆ ಒಂದು ಕೊಕ್ಕೆ ಚಾಚಿಕೊಂಡಿತ್ತು. ಹೊರಗೆ ಎಳೆದರೆ ಕೊಕ್ಕೆ ಬಟ್ಟೆಗೆ ಸಿಕ್ಕಿ ಜೇಬೇ ಒಳಹೊರಗಾಗಿ ಬಂತು.

"ಅವನು ಎದುರಿಗೆ ನಿಂತಿರ್ತಾನೆ, ನೀವು ಜೇಬು ಬಿಡಿಸ್ತಾ ಇರ್ತೀರಿ. ಸ್ವಲ್ಪ ತಡಿಯಪ್ಪ ಅಂದ್ರೆ ತಡೀತಾನಾ?"

ಮೂರನೆಯದು ಅಂಗೈಯಗಲ. ಚಪ್ಪಟೆ, ಅಂಚೆಲ್ಲ ನುಣುಪು. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ.

"ಕಿರುಬೆರಳು?" ಎಂದ ವರ್ತಕ.

"ಅದು ಸುಮ್ನೆ ನೋಡ್ತಿರಬೇಕು."

"ಇಷ್ಟು ಗಿಡ್ಡ ಇದ್ರೆ ಗುರಿ ತಪ್ಪಲ್ವಾ?"

"ದೂರಕ್ಕೆ ತಪ್ಪುತ್ತೆ. ಆದ್ರೆ ನಿಮ್ಮ ಮೇಲೆ ಅಷ್ಟು ಸಿಟ್ಟಿರೋನು ದೂರ ಯಾಕೆ ನಿಲ್ತಾನೆ? ಮೈಮೇಲೇ ಬರ್ತಾನೆ. ಅಷ್ಟು ಹತ್ತಿರದಲ್ಲಿ ತಪ್ಪಿಸೋಕೆ ವಿಶೇಷ ಪ್ರತಿಭೆ ಬೇಕು."

"ಟ್ರಿಗರ್ ಬಲು ಬಿಗಿ."

"ಬಿಗೀನೇ ಇರಬೇಕು. ಸಡಿಲ ಇದ್ರೆ ಕರ್ಚೀಫು ಹುಡುಕುವಾಗ ನಿಮ್ಮ ತೊಡೆಗೇ ಬೀಳುತ್ತೆ. ಇದು ಪೂರ್ತಿ ಎಳೆದ್ರೆ ಮಾತ್ರ ಹಾರೋದು."

ಅಂಗಡಿಯವನು ಪಿಸ್ತೂಲಿನ ಜೊತೆಗೆ ಬುದ್ಧಿಮಾತನ್ನೂ ಕೊಟ್ಟ. ಆ ಜೇಬಿನಲ್ಲಿ ಬೇರೇನೂ ಇರಬಾರದು, ಅಡಕೆಚೂರೂ ಕೂಡ. ಬಲಗೈಯಲ್ಲಿ ಏನನ್ನೂ ಹಿಡಿಯಬಾರದು, ಅದು ಯಾವಾಗಲೂ ಜೇಬಿನ ಬಳಿಯೇ ಇರಬೇಕು. ಕೊನೆಯದಾಗಿ, ಯಾರಿಗೂ ತಿಳಿಯಬಾರದು. ಮನೆಯವರಿಗೂ.

"ಗೊತ್ತಾದ್ರೆ ಏನಾಗುತ್ತೆ?"

"ಎದುರಿನಿಂದ ಬರೋನು ಹಿಂದಿನಿಂದ ಬರ್ತಾನೆ."

ವರ್ತಕ ಒಳ್ಳೆಯ ವಿದ್ಯಾರ್ಥಿ. ಎಲ್ಲವನ್ನೂ ಪಾಲಿಸಿದ.

ಅಂದಿನಿಂದ ಅವನ ಬಲಗೈ ಜೇಬು ಬಿಟ್ಟು ಬರಲಿಲ್ಲ. ಬೆಲ್ಲದ ಅಚ್ಚನ್ನು ಎಡಗೈಯಲ್ಲಿ ಎತ್ತಿ ಕೊಟ್ಟ. ಗಿರಾಕಿ ಅಚ್ಚನ್ನು ನೋಡಿದ, ಅವನ ಮುಖ ನೋಡಿದ, ಪಕ್ಕದ ಅಂಗಡಿಗೆ ನಡೆದ. ದಾರಿಯಲ್ಲಿ ಹಿರಿಯರು ಸಿಕ್ಕರೆ ಎಡಗೈಯೊಂದನ್ನೇ ಎದೆಯ ಮುಂದೆ ಎತ್ತಿದ. ಅದು ನಮಸ್ಕಾರದಂತೆ ಕಾಣಲಿಲ್ಲ, ಬಸ್ಸು ನಿಲ್ಲಿಸಿದಂತೆ ಕಂಡಿತು. ಗುಡಿಯಲ್ಲಿ ತೀರ್ಥಕ್ಕೆ ಎಡಗೈ ಚಾಚಿದಾಗ ಪೂಜಾರಿ ಉದ್ಧರಣೆಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ವರ್ತಕ ಗುಡಿಗೆ ಹೋಗುವುದನ್ನೇ ಬಿಟ್ಟ. ದೇವರಿಂದ ಅವನಿಗೆ ಸದ್ಯಕ್ಕೆ ಅಪಾಯವಿರಲಿಲ್ಲ.

ಮನೆಯಲ್ಲಿ ಮಾತ್ರ, ಬಾಗಿಲಿಗೆ ಚಿಲಕ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಬಲಗೈಯಲ್ಲಿ ಉಣ್ಣುತ್ತಿದ್ದ.

"ಒಳಗೆ ಸರಿಯಿರೋ ಕೈ ಹೊರಗೆ ಹೋದ ಕೂಡಲೇ ಯಾಕೆ ಕೆಡುತ್ತೆ?" ಎಂದು ಹೆಂಡತಿ ಕೇಳಿದಳು.

"ಗಾಳಿಗೆ," ಎಂದ.

ಊರು ಮೊದಲು ಇದನ್ನು ಸೊಕ್ಕು ಎಂದಿತು. ಗೋಡೆ ಎತ್ತಿದವನಿಗೆ ಕೈ ಎತ್ತಲು ಭಾರವಂತೆ ಎಂದು ಆಡಿಕೊಂಡರು. ಆಮೇಲೆ ಯಾರೋ ಲಕ್ವ ಎಂದರು. ಆ ಮಾತೇ ಊರಿನಲ್ಲಿ ಉಳಿಯಿತು. ವರ್ತಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೇಳಿದವರಿಗೆಲ್ಲ "ಏನೋಪ್ಪ, ಬಲವೇ ಇಲ್ಲ" ಎಂದು ಮುಖ ಸಣ್ಣದು ಮಾಡಿದ. ಜನ ಅಯ್ಯೋ ಎಂದರು. ರೋಗಿಯ ಜೇಬನ್ನು ಯಾರೂ ಅನುಮಾನಿಸುವುದಿಲ್ಲ. ಪಿಸ್ತೂಲಿಗೆ ಇದಕ್ಕಿಂತ ಒಳ್ಳೆಯ ಮರೆ ಸಿಗದೆಂದು ಅವನಿಗೆ ಒಳಗೊಳಗೇ ಹಿಗ್ಗು.

ಸುದ್ದಿ ಗೋಡೆಯನ್ನೂ ದಾಟಿತು.

ಒಂದು ಬೆಳಿಗ್ಗೆ ವರ್ತಕನ ಗುಮಾಸ್ತ ಬಂದು ಹೇಳಿದ: "ಗಾಣದ ಯಜಮಾನ್ರು ಸಿಕ್ಕಿದ್ರು. ನಿಮ್ಮನ್ನ ವಿಚಾರಿಸಿದ್ರು."

"ಏನಂತ?"

"ಯಾವ ಕೈ ಅಂತ ಕೇಳಿದ್ರು."

"ನೀನೇನಂದೆ?"

"ಬಲಗೈ ಅಂದೆ. ಪೂರ್ತಿ ಬಿದ್ದು ಹೋಗಿದೆಯಾ ಅಂದ್ರು. ಹೌದು ಅಂತ ಕಾಣುತ್ತೆ ಅಂದೆ. ಮತ್ತೇನೂ ಮಾತಾಡ್ಲಿಲ್ಲ, ಹೋದ್ರು. ಇವತ್ತು ಗಾಣ ನಿಲ್ಲಿಸಿದಾರೆ."

ವರ್ತಕ ಲೆಕ್ಕ ಹಾಕಿದ. ಹೊಡೆಯಲು ಬರುವವನು ಕೇಳಬೇಕಾದ ಪ್ರಶ್ನೆಗಳೇ ಅವು. ಗಾಣ ನಿಲ್ಲಿಸಿದ್ದಾನೆ ಎಂದರೆ ಇವತ್ತೇ ಬರುತ್ತಾನೆ. ಅವನು ಎಡಗೈಯೊಂದೇ ಉಳಿದವನನ್ನು ಎದುರುನೋಡಿ ಬರುತ್ತಾನೆ, ಅದೊಂದೇ ತನಗಿರುವ ಅನುಕೂಲ. ವರ್ತಕ ಗಾದಿಯ ಮೇಲೆ ಬಾಗಿಲಿಗೆ ಮುಖ ಮಾಡಿ ಕುಳಿತ.

ಮಧ್ಯಾಹ್ನ, ಪೇಟೆಯೆಲ್ಲ ಊಟಕ್ಕೆ ಹೋದ ಹೊತ್ತಿಗೆ ಗಾಣದ ಯಜಮಾನ ಬಂದ. ಸುಡುಬಿಸಿಲಿನಲ್ಲಿ ಶಾಲು ಹೊದ್ದಿದ್ದ. ಶಾಲಿನೊಳಗೆ ಏನನ್ನೋ ಎದೆಗೆ ಅವುಚಿ ಹಿಡಿದಿದ್ದ.

ಅವನು ವರ್ತಕನನ್ನು ಮಾತಾಡಿಸಲಿಲ್ಲ. ಗುಮಾಸ್ತನ ಕಡೆ ತಿರುಗಿ, "ನೀನು ಸ್ವಲ್ಪ ಆಚೆಗಿರಪ್ಪ, ನಮ್ಮಿಬ್ಬರದ್ದೊಂದು ಇದೆ" ಎಂದ.

ಗುಮಾಸ್ತ ವರ್ತಕನ ಮುಖ ನೋಡಿದ. ವರ್ತಕನ ಕಣ್ಣು ಶಾಲಿನ ಮೇಲೇ ಇತ್ತು. ಅದನ್ನೇ ಸಮ್ಮತಿಯೆಂದು ತಿಳಿದು ಗುಮಾಸ್ತ ಎದ್ದು ಹೋದ. ಗಾಣದ ಯಜಮಾನ ಒಳಗಿನಿಂದ ಚಿಲಕ ಹಾಕಿದ.

ವರ್ತಕ ಎದ್ದು ನಿಂತ. ಜೇಬಿನೊಳಗೆ ಎರಡು ಬೆರಳು ಹಿಡಿಯನ್ನು ಸುತ್ತಿದವು, ಒಂದು ಬೆರಳು ಟ್ರಿಗರಿನ ಮೇಲೆ ಕುಳಿತಿತು.

"ಕೂತ್ಕೋ."

"ನಿಂತೇ ಇರ್ತೀನಿ."

"ನಿಂತ್ರೆ ಆಗೋ ಕೆಲಸ ಅಲ್ಲ. ಕೂತ್ಕೋ ಅಂದೆ."

ವರ್ತಕ ಕುಳಿತ. ಕೈ ಜೇಬು ಬಿಡಲಿಲ್ಲ. ಗಾಣದ ಯಜಮಾನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತ. ಅಂಗಡಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಜುಬ್ಬದ ಬಟ್ಟೆಯ ಹಿಂದಿನಿಂದ ಪಿಸ್ತೂಲು ಅವನ ಹೊಟ್ಟೆಯನ್ನೇ ನೋಡುತ್ತಿತ್ತು. ತಪ್ಪುವ ಸಂಭವವಿರಲಿಲ್ಲ.

ಗಾಣದ ಯಜಮಾನನ ಕೈ ಶಾಲಿನೊಳಗೆ ಹೋಯಿತು.

ವರ್ತಕನ ಬೆರಳು ಬಿಗಿಯಿತು. ಟ್ರಿಗರ್ ಅರ್ಧ ದಾರಿ ಬಂತು.

ಶಾಲಿನಿಂದ ಒಂದು ಹಿತ್ತಾಳೆ ಗಿಂಡಿ ಹೊರಬಂತು. ಬಾಯಿಗೆ ಬಟ್ಟೆ ಕಟ್ಟಿತ್ತು. ಬಟ್ಟೆ ಬಿಚ್ಚಿದಾಗ ಬಿಸಿ ಎಳ್ಳೆಣ್ಣೆಯ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

"ನಾನೇ ಅಂದಿದ್ದು," ಎಂದ ಗಾಣದ ಯಜಮಾನ. ತಲೆ ಎತ್ತಲಿಲ್ಲ. "ಸಂತೇಲಿ. ಕೈ ಬಿದ್ದು ಹೋಗ್ಲಿ ಅಂತ. ಸಿಟ್ಟಲ್ಲಿ ಅಂದೆ ಕಣಯ್ಯ. ದೇವರು ಇಷ್ಟು ಬೇಗ ಕೇಳಿಸ್ಕೋತಾನೆ ಅಂತ ಯಾರಿಗೆ ಗೊತ್ತಿತ್ತು? ಮಳೆ ಕೊಡು ಅಂದ್ರೆ ಕಿವುಡ."

ವರ್ತಕನ ಬೆರಳು ಟ್ರಿಗರಿನ ಮೇಲೆಯೇ ಉಳಿಯಿತು.

"ಲಕ್ಕಿಸೊಪ್ಪು ಹಾಕಿ ನಾನೇ ಕಾಯಿಸಿದೀನಿ, ಆಳಿಗೂ ಬಿಟ್ಟಿಲ್ಲ. ನಮ್ಮಪ್ಪನಿಗೆ ಹೀಗಾದಾಗ ತಿಕ್ಕಿ ತಿಕ್ಕಿ ಎಬ್ಬಿಸಿ ಕೂರಿಸಿದೋನು ನಾನು. ಗೋಡೆ ಹಾಳಾಗ್ಲಿ ಬಿಡು, ನಮ್ಮ ಗಾಡಿ ಸುತ್ತು ಹಾಕಿದ್ರೆ ಎತ್ತೇನು ಸಾಯಲ್ಲ. ಆ ಕೈ ಈಚೆ ತೆಗಿ."

"ಬೇಡ."

"ನಾಚಿಕೆ ಯಾಕೆ? ಬಾಗಿಲು ಹಾಕಿದೀನಲ್ಲ. ನಾನು ನಿನ್ನ ಕೈ ತಿಕ್ಕಿದ್ದು ಊರಿಗೆ ಗೊತ್ತಾದ್ರೆ ಹೋಗೋದು ನನ್ನ ಮಾನ, ನಿಂದಲ್ಲ."

ಪಿಸ್ತೂಲನ್ನು ಜೇಬಿನಲ್ಲೇ ಬಿಟ್ಟು ಕೈಯನ್ನು ಮಾತ್ರ ಹೊರಗೆ ತೆಗೆಯಬಹುದಿತ್ತು. ವರ್ತಕನಿಗೆ ಅದು ಹೊಳೆಯಿತು. ಬರುವುದು ಗಟ್ಟಿಮುಟ್ಟಾದ ಕೈ. ಸುಳ್ಳುಗಾರ ಎನ್ನಿಸಿಕೊಳ್ಳಬಹುದು, ಬೈಸಿಕೊಳ್ಳಬಹುದು, ಬಹುಶಃ ಇಬ್ಬರೂ ನಗಲೂಬಹುದು. ಅವನು ಬೆರಳುಗಳಿಗೆ ಬಿಡಿ ಎಂದ. ಅವು ಬಿಡಲಿಲ್ಲ. ಅಂಗಡಿಯವನು ಹಿಡಿಯುವುದನ್ನಷ್ಟೇ ಕಲಿಸಿದ್ದ.

ಗಾಣದ ಯಜಮಾನ ತಾನೇ ಅವನ ಮಣಿಕಟ್ಟು ಹಿಡಿದ. ಹಿಡಿದು ಬೆಚ್ಚಿದ.

"ಅಯ್ಯೋ, ಕಲ್ಲಾಗಿದೆಯಲ್ಲೋ!" ಎಂದ. ಅವನ ಕಣ್ಣು ತುಂಬಿತ್ತು. ರೋಗಿಯ ಕೈಯನ್ನು ಹೇಗೆ ಎಳೆಯಬೇಕೋ ಹಾಗೆ, ನೋಯದಂತೆ, ಮೆಲ್ಲಗೆ ಎಳೆದ.

ಕೈ ಹೊರಬಂತು. ಅದರೊಂದಿಗೆ ಪಿಸ್ತೂಲೂ ಬಂತು. ಅಂಚೆಲ್ಲ ನುಣುಪು, ಬಟ್ಟೆಗೆ ಎಲ್ಲಿಯೂ ಸಿಕ್ಕಲಿಲ್ಲ.

ಅದರ ಬಾಯಿ ಗಾಣದ ಯಜಮಾನನ ಎದೆಗೆ ತಾಗಿ ನಿಂತಿತು. ಅವನು ಅದನ್ನು ನೋಡಿದ. ಟ್ರಿಗರಿನ ಮೇಲಿದ್ದ ಬೆರಳನ್ನು ನೋಡಿದ. ಬೆರಳು ಆರೋಗ್ಯವಾಗಿತ್ತು.

"ಇದು ನಿನಗಲ್ಲ," ಎಂದ ವರ್ತಕ.

"ಮತ್ತ್ಯಾರಿಗೆ?"

ವರ್ತಕನಿಗೆ ಬೇರೆ ಯಾರ ಹೆಸರೂ ಹೊಳೆಯಲಿಲ್ಲ.

ಗಾಣದ ಯಜಮಾನ ಹಿಡಿದಿದ್ದ ಮಣಿಕಟ್ಟನ್ನು ಜೋಪಾನವಾಗಿ ಕೆಳಗಿಟ್ಟ. ಗಿಂಡಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದ. ಎದ್ದು ಚಿಲಕ ತೆಗೆಯುತ್ತ, "ಈ ರೋಗಕ್ಕೆ ನನ್ನ ಗಾಣದಲ್ಲಿ ಎಣ್ಣೆ ಇಲ್ಲ" ಎಂದು ಹೇಳಿ ಹೋದ.

ವರ್ತಕ ಪಿಸ್ತೂಲನ್ನು ಮತ್ತೆ ಜೇಬಿಗೆ ಸೇರಿಸಿದ. ಸದ್ಯ, ಪಿಸ್ತೂಲು ಕೊಂಡದ್ದು ಒಳ್ಳೆಯದಾಯಿತು ಎಂದುಕೊಂಡ. ಅಲ್ಲಿಯವರೆಗೆ ಅವನಿಗೆ ಇದ್ದದ್ದು ಅನುಮಾನ ಮಾತ್ರ. ಈಗ ನಿಜವಾದ ಶತ್ರುವೊಬ್ಬ ಇದ್ದ.

ವರ್ಷ ಕಳೆಯುವ ಹೊತ್ತಿಗೆ ಗಾಣದ ಯಜಮಾನನ ಬಲಗೈಯೂ ಶಾಲಿನೊಳಗೇ ಉಳಿಯತೊಡಗಿತು. ಎಣ್ಣೆಯನ್ನು ಎಡಗೈಯಲ್ಲಿ ಅಳೆದು ಕೊಡುತ್ತಿದ್ದ. ಲಕ್ವ ಅಂಟುರೋಗವೇ ಎಂದು ಸಂತೆಯ ಜನ ವೈದ್ಯ ಪಂಡಿತರನ್ನು ಕೇಳಿದರು. ಅಲ್ಲ ಎಂದು ಪಂಡಿತರು ಹೇಳಿದರು. ಪುಸ್ತಕದಲ್ಲಿ ಹಾಗೆಯೇ ಇತ್ತು.

ಗುರುಗಳು ನಿಲ್ಲಿಸಿದರು.

ಕೊಟ್ರಗೌಡ ಕಾದ. ಕತೆ ಮುಂದುವರಿಯಲಿಲ್ಲ.

"ಆಮೇಲೆ ಯಾರು ಯಾರನ್ನು ಹೊಡೆದರು ಬುದ್ಧಿ?"

"ಇನ್ನೂ ಇಲ್ಲ. ಇಬ್ಬರೂ ಕಾಯುತ್ತಿದ್ದಾರೆ."

ಕೊಟ್ರಗೌಡ ಯೋಚಿಸಿದ. ಲಕ್ವವೆಂದು ಸುಳ್ಳಾಡಿದ್ದು ವರ್ತಕನ ತಪ್ಪು, ತಾನು ಹಾಗೆ ಮಾಡುವವನಲ್ಲ. ಉಳಿದಂತೆ ಅಂಗಡಿಯವನ ಮಾತೆಲ್ಲ ತೂಕದ್ದಾಗಿಯೇ ಇತ್ತು. ಬಂದ ಕೆಲಸ ಆಯಿತೆಂದು ಅವನ ಮನಸ್ಸು ಹಗುರಾಯಿತು.

"ಹಾಗಾದರೆ ಮೂರನೆಯದೇ ಸರಿ. ಆ ಚಪ್ಪಟೆಯದು," ಎಂದ.

"ಸರಿಯೇ," ಎಂದರು ಗುರುಗಳು, "ಇನ್ನು ಮುಂದೆ ಯಾರ್ಯಾರಿಗೆ ಎರಡೂ ಕೈ ಜೋಡಿಸಲಾರೆಯೋ ಅವರಿಗೆಲ್ಲ, ನಿನ್ನ ಅಣ್ಣನಿಗೂ, ಮೊದಲು ಒಂದು ಮಾತು ಹೇಳಿ ಬಾ. ಆಮೇಲೆ ಕೊಂಡುಕೋ."