ಕಪಾಟಿನಲ್ಲಿ ಇಡಬಾರದ ಸ್ಪೀಕರ್

"ಗುರುಗಳೇ, ಇಲ್ಲಿದ್ದಾಗ ನನ್ನ ಮನಸ್ಸು ತಿಳಿನೀರಿನಂತೆ ಇರುತ್ತದೆ. ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕಲಕಿಹೋಗುತ್ತದೆ. ಮನೆ ಬಿಟ್ಟು ಇಲ್ಲಿಯೇ ಉಳಿದುಬಿಡಲೇ?"

ಹೀಗೆ ಕೇಳಿದ ಶಿಷ್ಯನಿಗೆ ಮನೆಯಲ್ಲಿ ಹೆಂಡತಿ, ಮಕ್ಕಳು, ಮಾತು ನಿಲ್ಲಿಸದ ಒಬ್ಬ ತಾಯಿ ಇದ್ದರು. ಕೇಳುವ ಮೊದಲೇ ಅವನು ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಆಶ್ರಮದ ಜಗಲಿಗೆ ತಂದಿಟ್ಟಿದ್ದ. ಉತ್ತರವನ್ನು ಕಟ್ಟಿಕೊಂಡು ಬಂದವರೇ ಪ್ರಶ್ನೆ ಕೇಳುವುದು ಲೋಕಾರೂಢಿ.

ಗುರುಗಳು ಟ್ರಂಕನ್ನು ನೋಡಿದರು.

"ಕೂತುಕೋ. ಸ್ಪೀಕರ್ ತಯಾರಿಸುತ್ತಿದ್ದ ಒಬ್ಬನ ಕತೆ ಹೇಳುತ್ತೇನೆ."

"ಸ್ಪೀಕರೇ, ಗುರುಗಳೇ?"

"ಹೌದು, ಹಾಡು ಕೇಳುವ ಸ್ಪೀಕರು. ಉಪನಿಷತ್ತಿನಲ್ಲಿ ಹುಡುಕಬೇಡ, ಸಿಗುವುದಿಲ್ಲ."

ಒಂದು ಊರಿನಲ್ಲಿ ಒಬ್ಬ ಎಂಜಿನಿಯರ್ ಇದ್ದ. ಅವನು ತಯಾರಿಸುತ್ತಿದ್ದುದು ಬುಕ್‌ಶೆಲ್ಫ್ ಸ್ಪೀಕರ್. ಅಂದರೆ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕದಾದ ಎರಡು ಪೆಟ್ಟಿಗೆಗಳ ಜೋಡಿ. ಪ್ರತಿ ಪೆಟ್ಟಿಗೆಯಲ್ಲೂ ಕೆಳಗೆ ತಗ್ಗು ಸ್ವರಕ್ಕೆ ಅಂಗೈಯಗಲದ ಒಂದು ಕೋನು, ಮೇಲೆ ಏರು ಸ್ವರಕ್ಕೆ ರೇಷ್ಮೆಯ ಒಂದು ಪುಟ್ಟ ಗುಮ್ಮಟ, ಒಳಗೆ ಯಾವ ಸ್ವರ ಯಾರ ಪಾಲಿಗೆ ಎಂದು ಹಂಚುವ ಸರ್ಕ್ಯೂಟು, ಬೆನ್ನಿಗೆ ಗಾಳಿಯಾಡಲು ಒಂದು ತೂತು. ಹಲಗೆ ತಾನೇ ಹಾಡಲು ಹೊರಡಬಾರದೆಂದು ಪದರದ ಮೇಲೆ ಪದರ ಅಂಟಿಸಿ, ಒಳಗೆ ಅಡ್ಡಪಟ್ಟಿ ಬಿಗಿದಿದ್ದ. ಬೆರಳ ಗೆಣ್ಣಿನಿಂದ ಕುಟ್ಟಿದರೆ ಪೆಟ್ಟಿಗೆ ಬಂಡೆಯ ಹಾಗೆ ಸುಮ್ಮನಿರುತ್ತಿತ್ತು. ಆ ಒಂದು ಜೋಡಿಗೆ ಅವನ ಯೌವನವೆಲ್ಲ ಖರ್ಚಾಗಿತ್ತು.

ಹೆಸರು ಕಪಾಟಿನದು. ಜೊತೆಗೆ ಕೊಡುತ್ತಿದ್ದ ಸೂಚನೆಯ ಮೊದಲ ಸಾಲು ಮಾತ್ರ 'ಕಪಾಟಿನಲ್ಲಿ ಇಡಬಾರದು' ಎಂದಿತ್ತು. ಆ ಕಸುಬಿನವರು ಬಹುಪಾಲು ಹಾಗೆಯೇ ಹೇಳುತ್ತಾರೆ. ಹೇಳುವಾಗ ಒಬ್ಬರಿಗೂ ನಗು ಬರುವುದಿಲ್ಲ.

ಅವನ ಬಳಿ ಒಂದು ಮೌನದ ಕೋಣೆ ಇತ್ತು. ನಾಲ್ಕು ಗೋಡೆಗೂ ಚಾವಣಿಗೂ ನೆಲಕ್ಕೂ ದಪ್ಪ ಸ್ಪಂಜಿನ ಮೊನೆಗಳನ್ನು ಅಂಟಿಸಿದ್ದ. ಅಲ್ಲಿ ಚಪ್ಪಾಳೆ ತಟ್ಟಿದರೆ ಶಬ್ದ ಕೈಯಲ್ಲೇ ಸಾಯುತ್ತಿತ್ತು. ಗೋಡೆ ಇದ್ದೂ ಇಲ್ಲದ ಕೋಣೆ ಅದು. ಅಲ್ಲಿ ಸ್ಪೀಕರ್ ಇಟ್ಟು, ಮುಂದೆ ಮೈಕು ಇಟ್ಟು, ತಗ್ಗು ಸ್ವರದಿಂದ ಏರು ಸ್ವರದವರೆಗೆ ಎಲ್ಲವೂ ಸಮನಾಗಿ ಬರುತ್ತಿದೆಯೇ ಎಂದು ಅಳೆಯುತ್ತಿದ್ದ. ಕಡೆಗೊಂದು ದಿನ ಅಳತೆಯ ಗೆರೆ ದಾರ ಹಿಡಿದಷ್ಟು ನೇರವಾಗಿ ಬಂತು. ಆ ಗೆರೆಗೆ ಅವನು ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ. ಬರಬರುತ್ತ ಊದುಬತ್ತಿಯ ಹೊಗೆ ಯಾವ ಪಟಕ್ಕೆ ಎಂಬುದು ಅವನಿಗೇ ತಿಳಿಯದಾಯಿತು.

ಮೊದಲ ಜೋಡಿಯನ್ನು ಕೊಂಡವನು ಒಬ್ಬ ಜವಳಿ ವ್ಯಾಪಾರಿ. ಆ ಊರಿನಲ್ಲಿ ವ್ಯಾಪಾರಿ ಒಪ್ಪಿದ್ದನ್ನು ಉಳಿದವರು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಅವನು ಒಪ್ಪದ್ದನ್ನು ಕಣ್ಣುಬಿಟ್ಟೂ ನೋಡುತ್ತಿರಲಿಲ್ಲ. ಅವನು ಒಪ್ಪಿದರೆ ಎಂಜಿನಿಯರ್ ಗೆದ್ದ. ಹಿಂದಿರುಗಿಸಿದರೆ ಅವನ ಯೌವನವೂ ಪೆಟ್ಟಿಗೆಯ ಜೊತೆಗೇ ವಾಪಸು ಬಂದಂತೆ.

ಕೊಂಡ ಮರುದಿನವೇ ವ್ಯಾಪಾರಿಯ ಫೋನು ಬಂತು.

"ಏನು ಸ್ವಾಮಿ ಇದು! ನಿಮ್ಮಲ್ಲಿ ಕೇಳಿದಾಗ ಹಾಡುವವಳು ಎದುರಿಗೇ ಬಂದು ನಿಂತ ಹಾಗಿತ್ತು. ನಮ್ಮ ಮನೆಗೆ ತಂದರೆ ಹಂಡೆಯೊಳಗೆ ಕೂತು ಹಾಡುತ್ತಿದ್ದಾಳೆ."

ಎಂಜಿನಿಯರ್ ಓಡಿಹೋಗಿ ನೋಡಿದ. ಎರಡು ಪೆಟ್ಟಿಗೆಗಳೂ ಗೋಡೆಗೆ ಒರಗಿದ ಪುಸ್ತಕದ ಕಪಾಟಿನಲ್ಲಿದ್ದವು. ಒಂದರ ಪಕ್ಕದಲ್ಲಿ ಪಂಚಾಂಗ, ಇನ್ನೊಂದರ ತಲೆಯ ಮೇಲೆ ಕುಂಕುಮದ ಭರಣಿ. ಸ್ವಂತ ಮಗಳನ್ನು ಕೊಟ್ಟ ಮನೆಯಲ್ಲಿ ಅವಳು ಕಸ ಗುಡಿಸುವುದನ್ನು ಕಂಡ ತಂದೆಯ ಹಾಗೆ ಅವನ ಮುಖ ಬಾಡಿತು.

"ಕಪಾಟಿನಲ್ಲಿ ಯಾಕೆ ಇಟ್ಟಿರಿ?"

"ಕಪಾಟಿನ ಸ್ಪೀಕರ್ ಅಂತ ನೀವೇ ಕೊಟ್ಟಿರಲ್ಲ!" ಎಂದ ವ್ಯಾಪಾರಿ.

ಎಂಜಿನಿಯರ್ ಅಂಗಿಯ ತೋಳು ಮಡಚಿದ. ಪೆಟ್ಟಿಗೆಗಳನ್ನು ಕಪಾಟಿನಿಂದ ಇಳಿಸಿ, ಎರಡು ಸ್ಟ್ಯಾಂಡಿನ ಮೇಲೇರಿಸಿ, ಗೋಡೆಯಿಂದ ದೂರ ಹಜಾರದ ನಡುವೆ ನಿಲ್ಲಿಸಿದ. ನೆಲಕ್ಕೆ ಜಮಖಾನ ಹಾಸಿಸಿದ. ಕಿಟಕಿಗೆ ದಪ್ಪ ಪರದೆ ಇಳಿಬಿಡಿಸಿದ. ಶಬ್ದಕ್ಕೆ ಅಡ್ಡ ಬರುತ್ತದೆಂದು ವ್ಯಾಪಾರಿಯ ತಾಯಿಯ ಉಯ್ಯಾಲೆಯನ್ನು ಕಳಚಿಸಿದ. ಬಾಗಿಲು ಹಾಕಿಸಿ, ಫ್ಯಾನು ಆರಿಸಿ, ಎರಡು ಪೆಟ್ಟಿಗೆಗಳಿಗೂ ಸಮದೂರದಲ್ಲಿ ಒಂದು ಕುರ್ಚಿ ಇಟ್ಟು, ಅದರ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

"ಈ ಕುರ್ಚಿಯಲ್ಲಿ ಕೂತವರಿಗೆ ಸ್ವರ್ಗ. ಒಂದು ಮೊಳ ಆಚೆ ಕೂತರೆ ನಾನು ಜವಾಬ್ದಾರನಲ್ಲ."

ಇಷ್ಟು ಹೊತ್ತೂ ಉಯ್ಯಾಲೆಯ ಸರಪಳಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದ ವ್ಯಾಪಾರಿಯ ತಾಯಿ ಬಾಯಿಬಿಟ್ಟಳು.

"ಕುರ್ಚಿ ಒಂದೇ ಐತಲ್ಲಪ್ಪ. ನಾವೆಲ್ಲ ಎಲ್ಲಿ ಕೂರೋದು?"

"ಸರದಿಯ ಮೇಲೆ ಕೂರಬಹುದು, ಅಮ್ಮ."

"ಬಚ್ಚಲಿಗಾದ್ರೆ ಸರದಿ ಸರಿ. ಹಾಡಿಗೂ ಸರದೀನಾ?"

ಎಂಜಿನಿಯರ್ ಸಹನೆಯಿಂದ ನಕ್ಕ. ವಿಜ್ಞಾನ ತಿಳಿದವನು ನಗಬೇಕಾದ ರೀತಿಯಲ್ಲೇ ನಕ್ಕ. ವ್ಯಾಪಾರಿ ಕುರ್ಚಿಯಲ್ಲಿ ಕೂತ. ಹಾಡುವವಳು ಹಂಡೆಯಿಂದ ಎದ್ದು ಬಂದು ಎದುರಿಗೆ ನಿಂತಳು. ವ್ಯಾಪಾರಿಯ ಕಣ್ಣು ತುಂಬಿತು. ಎಂಜಿನಿಯರ್ ಗೆದ್ದೆನೆಂದು ಮನೆಗೆ ಹೋಗಿ ನಿದ್ದೆ ಮಾಡಿದ.

ವಾರ ಕಳೆಯುವ ಮೊದಲೇ ಮತ್ತೆ ಫೋನು ಬಂತು. ಈ ಸಲ ವ್ಯಾಪಾರಿಯ ದನಿ ಸಣ್ಣಗಿತ್ತು.

ಎಂಜಿನಿಯರ್ ಹೋದಾಗ ಬಾಗಿಲು ಹಾಕಿದ ಹಜಾರದಲ್ಲಿ, ಸೀಮೆಸುಣ್ಣದ ಗುರುತಿನ ನಡುವೆ, ವ್ಯಾಪಾರಿ ಒಬ್ಬನೇ ಕೂತು ಬೆವರುತ್ತಿದ್ದ. ಶಬ್ದದಲ್ಲಿ ದೋಷವಿರಲಿಲ್ಲ, ಎಂಜಿನಿಯರ್ ತಾನೇ ಕುರ್ಚಿಯ ಹಿಂದೆ ನಿಂತು ಕೇಳಿದ. ಅಡುಗೆಮನೆಯಲ್ಲಿ ಹಳೆಯ ರೇಡಿಯೋ ಒಂದು ಗೊರಗೊರ ಎನ್ನುತ್ತಿತ್ತು. ಉಳಿದವರೆಲ್ಲ ಅದರ ಸುತ್ತ ಸೇರಿ ನಗುತ್ತಿದ್ದರು.

"ತೆಗೆದುಕೊಂಡು ಹೋಗಿಬಿಡಿ, ಸ್ವಾಮಿ," ಎಂದ ವ್ಯಾಪಾರಿ.

"ಯಾಕೆ? ಸ್ವರ ಸರಿಯಿಲ್ಲವೇ?"

"ಸ್ವರಕ್ಕೇನು, ಬಂಗಾರ. ಆದರೆ ಒಳ್ಳೆಯ ಜಾಗ ಬಂದಾಗ 'ಆಹಾ' ಅಂತ ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಯಾರನ್ನಾದರೂ ಕೂರಿಸಿಕೊಂಡರೆ ಅವರಿಗೆ ಸ್ವರ ಸಿಗುವುದಿಲ್ಲ. ಹೆಂಡತಿ ಈ ಕೋಣೆಗೆ ಐಸಿಯು ಅಂತ ಹೆಸರಿಟ್ಟಿದ್ದಾಳೆ."

ಎಂಜಿನಿಯರನಿಗೆ ಕೋಪ ಬಂತು. "ನನ್ನ ಪೆಟ್ಟಿಗೆಯಲ್ಲಿ ತಪ್ಪಿಲ್ಲ. ಅಳತೆಯ ಗೆರೆ ನೋಡಿದ್ದೀರಲ್ಲ. ತಪ್ಪು ಇರುವುದು ನಿಮ್ಮ ಮನೆಯಲ್ಲಿ. ಎಲ್ಲಿ ನೋಡಿದರೂ ಗೋಡೆ!"

ಅಡುಗೆಮನೆಯ ಬಾಗಿಲಿನಿಂದ ಮುದುಕಿಯ ದನಿ ಬಂತು. "ಗೋಡೆ ಇಲ್ದಿದ್ರೆ ಅದು ಬಯಲು ಕಣಪ್ಪ. ಬಯಲಾಗೆ ಪುಸ್ತಕದ ಕಪಾಟು ಯಾವ ಪುಣ್ಯಾತ್ಮ ಇಡ್ತಾನೆ?"

ರೇಡಿಯೋದ ಸುತ್ತ ಕೂತವರು ಗೊಳ್ಳೆಂದು ನಕ್ಕರು. ಎಂಜಿನಿಯರ್ ಪೆಟ್ಟಿಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದ. ಅರ್ಧ ದಾರಿಯಲ್ಲಿ ಅವನ ಸಿಟ್ಟು ಇಳಿದು ಲೆಕ್ಕ ಶುರುವಾಯಿತು. ಎಂಜಿನಿಯರರಲ್ಲಿ ಇದೊಂದು ಒಳ್ಳೆಯ ಗುಣ. ಅವನು ಹಿಂದಿರುಗಿ ಬಂದು, ಹಲ್ಲು ಕಚ್ಚಿಕೊಂಡು ಕೇಳಿದ:

"ಆ ಕಪಾಟನ್ನು ಸ್ವಲ್ಪ ದಿನ ಕೊಡುತ್ತೀರಾ? ಪುಸ್ತಕದ ಸಮೇತ."

ಕಪಾಟು ಅವನ ಕಾರ್ಖಾನೆಗೆ ಬಂತು. ಮೌನದ ಕೋಣೆಯ ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ಹೊರಗಿನ ಮಾಮೂಲಿ ಗೋಡೆಗೆ ಒರಗಿಸಿ, ಪಂಚಾಂಗದ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ಅವನು ಮೊದಲ ಬಾರಿಗೆ ಗೋಡೆಯ ಸಮೇತ ಅಳೆದ. ನೇರವಿದ್ದ ಗೆರೆ ತಗ್ಗು ಸ್ವರದ ಕಡೆ ಒಂಟೆಯ ಡುಬ್ಬದ ಹಾಗೆ ಎದ್ದು ನಿಂತಿತು.

ಅವನು ಆ ಡುಬ್ಬವನ್ನು ನೋಡುತ್ತ ಕೂತ. ಏರು ಸ್ವರ ಟಾರ್ಚಿನ ಬೆಳಕಿನ ಹಾಗೆ ಮುಂದಕ್ಕೆ ಹೋಗುತ್ತದೆ. ತಗ್ಗು ಸ್ವರಕ್ಕೆ ಆ ಶಿಸ್ತಿಲ್ಲ. ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹರಿಯುತ್ತದೆ. ಮೌನದ ಕೋಣೆಯಲ್ಲಿ ಹಿಂದಕ್ಕೆ ಹರಿದದ್ದನ್ನು ಸ್ಪಂಜು ನುಂಗುತ್ತಿತ್ತು. ಆ ನಷ್ಟ ತುಂಬಲೆಂದು ಅವನು ಸರ್ಕ್ಯೂಟಿನಲ್ಲಿ ತಗ್ಗು ಸ್ವರದ ಪಾಲನ್ನು ಹೆಚ್ಚಿಸಿದ್ದ. ಮನೆಯ ಗೋಡೆ ಏನನ್ನೂ ನುಂಗುತ್ತಿರಲಿಲ್ಲ. ಬಂದದ್ದನ್ನು ಹಾಗೆಯೇ ಹಿಂದಿರುಗಿಸುತ್ತಿತ್ತು. ಅವನು ತುಂಬಿದ್ದೂ ಇತ್ತು, ಗೋಡೆ ಕೊಟ್ಟದ್ದೂ ಇತ್ತು, ಹಂಡೆಯಾಗದೆ ಇನ್ನೇನಾದೀತು? ಗೋಡೆ ತನ್ನ ಕೆಲಸ ಕೆಡಿಸುತ್ತಿದೆ ಎಂದು ಅವನು ಇಷ್ಟು ದಿನ ತಿಳಿದಿದ್ದ. ಅದು ಅವನ ಅರ್ಧ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡಲು ಕಾದಿತ್ತು.

ಅವನು ಸರ್ಕ್ಯೂಟು ಬಿಚ್ಚಿ, ತಾನು ತುಂಬಿದ್ದನ್ನು ಕಳೆದ. ಬೆನ್ನಿನ ತೂತನ್ನು ಮುಚ್ಚಿದ. ಎದುರಿನ ಒಂದೇ ಕುರ್ಚಿಗಲ್ಲ, ಆಚೀಚೆ ಕೂತವರಿಗೂ ಸ್ವರ ಹರಡುವಂತೆ ರೇಷ್ಮೆಯ ಗುಮ್ಮಟದ ಸುತ್ತ ಹಲಗೆಯನ್ನು ತಗ್ಗಾಗಿ ಕೊರೆದು ತಿದ್ದಿದ. ಕಪಾಟಿನಲ್ಲಿಟ್ಟು ಅಳೆದ. ಗೆರೆ ಹೆಚ್ಚುಕಡಿಮೆ ನೇರವಾಯಿತು. ಚಟ ಬಿಡಲಾರದೆ ಅದನ್ನೇ ಮೌನದ ಕೋಣೆಯಲ್ಲಿಟ್ಟು ಅಳೆದ. ಅಲ್ಲಿ ಗೆರೆ ಸೊಟ್ಟ. ತಗ್ಗು ಸ್ವರ ಉಪವಾಸವಿದ್ದವನ ಹೊಟ್ಟೆಯ ಹಾಗೆ ಒಳಕ್ಕೆ ಹೋಗಿತ್ತು.

ಆಮೇಲೆ ದೇವರ ಪಕ್ಕದಲ್ಲಿದ್ದ ನೇರ ಗೆರೆಯ ಪಟವನ್ನು ಇಳಿಸಿ, ಮುಖ ಗೋಡೆಗೆ ತಿರುಗಿಸಿಟ್ಟ.

ಕಪಾಟು ವ್ಯಾಪಾರಿಯ ಮನೆಗೆ ಹಿಂದಿರುಗಿತು. ಪೆಟ್ಟಿಗೆಗಳೂ ಅದರಲ್ಲೇ ಕೂತವು. ಪಂಚಾಂಗ ಅದರ ಜಾಗಕ್ಕೆ, ಕುಂಕುಮದ ಭರಣಿ ಅದರ ಜಾಗಕ್ಕೆ ಬಂತು. ಎಂಜಿನಿಯರ್ ತಾನೇ ಸ್ಟೂಲು ಹತ್ತಿ ಉಯ್ಯಾಲೆಯನ್ನು ತೂಗುಹಾಕಿದ. ಫ್ಯಾನು ತಿರುಗುತ್ತಿತ್ತು, ಬಾಗಿಲು ತೆರೆದಿತ್ತು, ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಹಾಡು ಶುರುವಾಯಿತು. ಎಲ್ಲರೂ ಸಿಕ್ಕಸಿಕ್ಕಲ್ಲಿ ಕೂತಿದ್ದರು. ಎಂಜಿನಿಯರ್ ಮಾತ್ರ ನಿಂತೇ ಇದ್ದ. ಅವನು ನೋಡುತ್ತಿದ್ದುದು ಸ್ಪೀಕರನ್ನಲ್ಲ, ಮುದುಕಿಯನ್ನು.

ಮುದುಕಿ ಉಯ್ಯಾಲೆ ನಿಲ್ಲಿಸಿ ಆಲಿಸಿದಳು. ಮತ್ತೆ ಕಾಲಿನಿಂದ ನೆಲ ಮೀಟಿದಳು.

"ಈಗ ನೋಡಪ್ಪ, ಯಾರೋ ಮನೆಗೆ ಬಂದು ಹಾಡ್ದಂಗೈತೆ. ಆಯಮ್ಮಂಗೂ ಒಂದು ಲೋಟ ಕಾಫಿ ತರ್ರೇ!"

ಒಳ್ಳೆಯ ಜಾಗ ಬಂತು. ವ್ಯಾಪಾರಿ 'ಆಹಾ' ಎಂದು ತಿರುಗಿದ. ಪಕ್ಕದಲ್ಲಿ ಹೆಂಡತಿ ಅವನಿಗಿಂತ ಮೊದಲೇ 'ಆಹಾ' ಎಂದಾಗಿತ್ತು.

ಮುಂದೆ ಊರಿನ ಮನೆಮನೆಗೂ ಆ ಸ್ಪೀಕರ್ ಹೋಯಿತು. ಸೂಚನೆಯ ಮೊದಲ ಸಾಲು ಈಗ 'ಕಪಾಟಿನಲ್ಲಿ ಇಡಿ' ಎಂದಿದೆ. ಮೌನದ ಕೋಣೆಯಲ್ಲಿ ಅದು ಇವತ್ತಿಗೂ ಕೆಟ್ಟದಾಗಿಯೇ ಕೇಳಿಸುತ್ತದೆ. ಅಲ್ಲಿ ಯಾರೂ ವಾಸವಿಲ್ಲದ ಕಾರಣ ದೂರು ಬಂದಿಲ್ಲ.

ಕತೆ ಮುಗಿಯಿತು. ಶಿಷ್ಯ ಬಾಯ್ತುಂಬ ನಕ್ಕ. ಮುದುಕಿ ಅವನಿಗೆ ಬಹಳ ಹಿಡಿಸಿದ್ದಳು; ಅವನ ತಾಯಿಯೂ ಹಾಗೆಯೇ ಮಾತಾಡುತ್ತಿದ್ದಳು. ಅಷ್ಟರಲ್ಲಿ ಜಗಲಿಯ ಟ್ರಂಕು ಅವನ ಕಣ್ಣಿಗೆ ಬಿತ್ತು. ನಗು ಅರ್ಧಕ್ಕೇ ನಿಂತಿತು.

"ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಇಲ್ಲಿ ನನಗೆ ಸಿಕ್ಕ ಶಾಂತಿ ಸುಳ್ಳಲ್ಲವಲ್ಲ?"

ಗುರುಗಳು ಎದ್ದು, ಹಾಸಿಗೆಯ ಸುರುಳಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಅದು ಶಾಂತಿಯಲ್ಲ ಕಣಯ್ಯಾ, ಸ್ಪಂಜು."