ಚಂದ್ರನ ಹಿಂದಿನ ಗೋಡೆ

"ಚಿತ್ರದ ಹಿಂದೆ ಬಣ್ಣ ಯಾಕೆ ಗುರುಗಳೇ? ಅದನ್ನು ಯಾರು ನೋಡುತ್ತಾರೆ?" ಎಂದು ಇಂದುಧರ ಕೇಳಿದ.

ಅವನು ವೆಬ್ ಪುಟ ಮಾಡುವ ಕೆಲಸ ಕಲಿಯುತ್ತಿದ್ದ. ಗುಡ್ಡದಾಚೆಯ ಹೆರಿಗೆ ಆಸ್ಪತ್ರೆಗೆಂದು ತನ್ನ ಮೊದಲ ಪುಟ ಮಾಡಿ ತಂದಿದ್ದ. ಪುಟದ ತುಂಬ ನಕ್ಷತ್ರಗಳ ಕಡುನೀಲಿ ಆಕಾಶದ ಚಿತ್ರ. ಅದರ ಮೇಲೆ ಬಿಳಿ ಅಕ್ಷರದಲ್ಲಿ ನರ್ಸಮ್ಮನ ಫೋನ್ ನಂಬರು. ಅಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ, ಚಿತ್ರ ಬರುವವರೆಗೆ ಪುಟ ಖಾಲಿ ಬಿಳಿ, ಚಿತ್ರದ ಅಡಿಗೆ ಬರೀ ಕಡುನೀಲಿ ಬಣ್ಣವನ್ನೂ ಕೊಡು ಎಂದು ಗುರುಗಳು ಹೇಳಿದ್ದರು. ಅವನಿಗೆ ಅದು ಹಳಬರ ಮಡಿಯಂತೆ ಕಂಡಿತ್ತು.

ಗುರುಗಳು ಒಂದು ಕತೆ ಹೇಳಿದರು.

ನಾಟಕದ ಮೇಳವೊಂದರಲ್ಲಿ ಒಬ್ಬ ನಟನಿದ್ದ. ಬಹಳ ಕಾಲ ದೀಪ ಹಿಡಿದು ನಿಂತ ಮೇಲೆ ಅವನಿಗೆ ಚಂದ್ರನ ಪಾತ್ರ ಸಿಕ್ಕಿತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ಹೊಲಿಸಿಕೊಂಡ. ಮುಖಕ್ಕೂ ಬಿಳಿ. ಬೆನ್ನ ಹಿಂದೆ ಕಟ್ಟಲು ಇರುಳಿನ ಪರದೆಯನ್ನು ತಾನೇ ಬರೆದ. ಅದರ ಮುಂದೆ ನಿಂತರೆ ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದ.

ಮೇಳದಲ್ಲಿ ಒಂದು ಪದ್ಧತಿಯಿತ್ತು. ಪರದೆ ಕಟ್ಟುವ ಮೊದಲು ಹಿಂದಿನ ಗೋಡೆಗೆ ಇದ್ದಿಲು ಕಲಸಿದ ಸಗಣಿ ಬಳಿಯಬೇಕು. ಪಾತ್ರ ಮಾಡುವವನೇ ಬಳಿಯಬೇಕು.

"ಗೋಡೆಗೆ ಬಳಿದೆಯೇನೋ?" ಎಂದು ಮೇಳದ ಯಜಮಾನ ಕೇಳಿದ.

"ಪರದೆಯ ಹಿಂದೆ ಇಣುಕುವವರು ಯಾರು ಯಜಮಾನರೇ? ಹಲ್ಲಿಯೇ?" ಎಂದ ನಟ.

ಆ ಸಂಜೆ ಅವನ ತಾಯಿ ದೂರದಿಂದ ನಡೆದು ಬಂದಿದ್ದಳು. ಮಗನ ಆಟವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಎಲ್ಲರಿಗಿಂತ ಮುಂದೆ ಕೂತಳು. ಪರದೆ ಹೇರಿದ ಗಾಡಿ ಹೊಳೆಯ ಕೆಸರಿನಲ್ಲಿ ಹೂತು ನಿಂತಿತ್ತು. ಜನ ಕೂಗಿದರು. ಆಟ ಶುರುವಾಯಿತು. ಆಗಷ್ಟೇ ಸುಣ್ಣ ಹೊಡೆದ ಗೋಡೆಯ ಮುಂದೆ ಚಂದ್ರ ಉದಯಿಸಿದ.

ನಟನಿಗೆ ತಾನು ಕರಗುತ್ತಿದ್ದೇನೆ ಅನ್ನಿಸಿತು. ಕೈ ಎತ್ತಿದರೆ ಕೈ ಗೋಡೆಗೆ ಸೇರಿತು. ಹಾಡಿದರೆ ಹಾಡು ಎಲ್ಲಿಂದಲೋ ಬಂದಂತಿತ್ತು. ತಾಯಿ ಅವನತ್ತಲೇ ನೋಡುತ್ತಿದ್ದಳು, ಅವನನ್ನು ದಾಟಿ, ಇನ್ನೂ ಬಾರದವನ ದಾರಿ ಕಾಯುವವಳ ಹಾಗೆ.

ಆಟ ಮುಗಿದ ಮೇಲೆ ಅವನು ಅವಳೆದುರು ಬಂದು ನಿಂತ. ಅವಳು ಅವನ ಕೆನ್ನೆ ಮುಟ್ಟಿದಳು. ಬೆರಳಿಗೆ ಬಿಳಿ ಹತ್ತಿತು. ಸುಳ್ಳು ಹೇಳುವ ಉಪಾಯ ಅವಳಿಗೆ ತಿಳಿಯದು.

"ಹಾಡು ಬಹಳ ಚೆನ್ನಾಗಿತ್ತಪ್ಪ. ನೀನು ಯಾಕೆ ಬರಲೇ ಇಲ್ಲ?"

ಗುರುಗಳು ನಿಲ್ಲಿಸಿದರು. ಇಂದುಧರನಿಗೆ ನಗು ಬಂತು. ತಪ್ಪು ಗಾಡಿಯದು, ನಟನದಲ್ಲ ಎಂದು ಅವನಿಗೆ ತೋರಿತು.

"ಕೊನೆಗೂ ಪರದೆ ಬಂತೇ?" ಎಂದ.

"ಬಂತು, ಅಂಗಳ ಗುಡಿಸುವ ಹೊತ್ತಿಗೆ. ನಿನ್ನ ಆಕಾಶವೂ ಗುಡ್ಡ ದಾಟಿ ಬಂದೇ ಬರುತ್ತದೆ. ಹೆರಿಗೆ ನೋವು ಅಲ್ಲಿಯವರೆಗೆ ಕಾಯುತ್ತದೆಯೇ?"