ಹೊಸಬರಿಗೆಂದು ಬಿಟ್ಟ ತಪ್ಪುಗಳು

ಕೌಸ್ತುಭನೆಂಬ ಶಿಷ್ಯ ಗುರುಗಳನ್ನು ಕೇಳಿದ:

"ಗುರುಗಳೇ, ನಾನು ಒಂದು ಮುಕ್ತ ತಂತ್ರಾಂಶದ ಕೆಲಸಕ್ಕೆ ಸೇರಲು ಹೋದೆ. ಅಲ್ಲಿನ ಹಿರಿಯರು ನನಗೊಂದು ತಪ್ಪನ್ನು ತೋರಿಸಿ, ಇದನ್ನು ಸರಿಪಡಿಸು, ಇಲ್ಲಿಂದ ಆರಂಭಿಸು ಎಂದರು. ಅದು ಎರಡು ನಿಮಿಷದ ಕೆಲಸ. ನನಗೆ ವಿವರಿಸಿ ಬರೆಯಲು ಅವರಿಗೆ ಹಿಡಿದ ಹೊತ್ತಿನಲ್ಲಿ ಅವರೇ ಅದನ್ನು ಮಾಡಿ ಮುಗಿಸಿ ಕಾಫಿ ಕುಡಿದು ಬರಬಹುದಿತ್ತು. ತಪ್ಪೆಂದು ತಿಳಿದೂ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟಿದ್ದಾರೆ. ಇದು ಅವರ ಸೋಮಾರಿತನವೇ? ಅಥವಾ ನನ್ನ ಯೋಗ್ಯತೆ ಅಷ್ಟೇ ಎಂದು ಎಣಿಸಿದ್ದಾರೆಯೇ?"

ಗುರುಗಳು ನೇರವಾಗಿ ಉತ್ತರಿಸಲಿಲ್ಲ. ಆ ಕೆಲಸವನ್ನು ಮಾಡಿದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಎಂದ ಕೌಸ್ತುಭ. ಹಾಗಾದರೆ ಕುಳಿತುಕೋ ಎಂದು ಹೇಳಿ, ಗುರುಗಳು ಈ ಕತೆಯನ್ನು ಹೇಳಿದರು.

ಒಂದು ತಂತ್ರಾಂಶವಿತ್ತು. ಮೊಬೈಲಿನ ಪರದೆಯ ಮೇಲಿರುವ ಕನ್ನಡವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಕಾಣದವರು ಅದನ್ನು ಬಳಸುತ್ತಿದ್ದರು. ಅದಕ್ಕೆ ಬೆಲೆ ಇರಲಿಲ್ಲ, ಒಡೆಯನೂ ಇರಲಿಲ್ಲ. ಅದರ ಕೋಡನ್ನು, ಎಂದರೆ ಮೂಲ ಬರಹವನ್ನು, ಯಾರು ಬೇಕಾದರೂ ತೆರೆದು ಓದಬಹುದಿತ್ತು, ತಿದ್ದಿ ಕಳುಹಿಸಬಹುದಿತ್ತು. ಬಂದ ತಿದ್ದುಪಡಿಯನ್ನು ಪರೀಕ್ಷಿಸಿ ಸೇರಿಸಿಕೊಳ್ಳುವುದು ಒಬ್ಬ ಉಸ್ತುವಾರಿಯ ಹೊಣೆ. ಆ ತಂತ್ರಾಂಶವನ್ನು ಮೊದಲು ಬರೆದವನೂ ಅವನೇ.

ಉಸ್ತುವಾರಿಗೆ ಮೂತ್ರಪಿಂಡದ ಕಾಯಿಲೆಯಿತ್ತು. ಬಹಳ ಕಾಲ ಬದುಕುವುದಿಲ್ಲವೆಂದು ವೈದ್ಯರು ತಿಳಿಸಿದ್ದರು. ಅಕ್ಷರವನ್ನು ಧ್ವನಿಯಾಗಿಸುವ ಒಳಭಾಗವೊಂದು ಆ ತಂತ್ರಾಂಶದಲ್ಲಿತ್ತು. ಉಳಿದುದೆಲ್ಲ ಅದರ ಸುತ್ತ ಕಟ್ಟಿದ್ದು. ಆ ಒಳಭಾಗ ಅವನೊಬ್ಬನಿಗೆ ಮಾತ್ರ ತಿಳಿದಿತ್ತು. ತಾನು ಸಾಯುವ ಮೊದಲು ಅದನ್ನು ಇನ್ನೊಬ್ಬರಿಗೆ ಕಲಿಸಬೇಕು ಎಂಬುದೊಂದೇ ಅವನ ಚಿಂತೆಯಾಗಿತ್ತು.

ಅವನು ಪಾಠ ಹೇಳಲು ಪ್ರಯತ್ನಿಸಿದ. ಕೇಳಿದವರು ತಲೆದೂಗಿದರು, ಮನೆಗೆ ಹೋಗಿ ಮರೆತರು. ಆಗ ಅವನು ಬೇರೊಂದು ಕ್ರಮವನ್ನು ಹಿಡಿದ. ಸಣ್ಣ ತಪ್ಪುಗಳು ಕಣ್ಣಿಗೆ ಬಿದ್ದರೆ ತಾನು ತಿದ್ದುತ್ತಿರಲಿಲ್ಲ. ಇವು ಹೊಸಬರಿಗೆ ಎಂದು ಗುರುತು ಹಾಕಿ ಬಿಡುತ್ತಿದ್ದ. ಯಾರಾದರೂ ಹೊಸಬರು ಬಂದು ಅದನ್ನು ತಿದ್ದಿ ಕಳುಹಿಸಿದರೆ, ಅದರಲ್ಲಿ ಖಂಡಿತವಾಗಿ ಏನಾದರೊಂದು ಕೊರತೆ ಇರುತ್ತಿತ್ತು. ಅವನು ಅದನ್ನು ಹಿಂತಿರುಗಿಸಿ, ಏಕೆ ಹೀಗಾಯಿತೆಂದು ವಿವರಿಸುತ್ತಿದ್ದ. ಅವರು ಮತ್ತೆ ಕಳುಹಿಸುತ್ತಿದ್ದರು, ಅವನು ಮತ್ತೆ ವಿವರಿಸುತ್ತಿದ್ದ. ಆ ತಪ್ಪು ಮುಗಿಯುವ ವೇಳೆಗೆ ಅದಕ್ಕಿಂತ ಸ್ವಲ್ಪ ಒಳಗಿನ ಇನ್ನೊಂದು ತಪ್ಪನ್ನು ತೋರಿಸುತ್ತಿದ್ದ. ಹೀಗೆ ಒಬ್ಬರನ್ನಾದರೂ ಒಳಭಾಗದವರೆಗೆ ಕರೆದುಕೊಂಡು ಹೋಗಬಹುದೆಂದು ಅವನು ನಂಬಿದ್ದ. ಇಬ್ಬರು ಅರ್ಧ ದಾರಿಯವರೆಗೆ ಬಂದಿದ್ದರು. ಒಬ್ಬನಿಗೆ ಮದುವೆಯಾಯಿತು. ಇನ್ನೊಬ್ಬನಿಗೆ ಬೇರೆ ಆಸಕ್ತಿ ಹುಟ್ಟಿತು.

ಆ ತಂತ್ರಾಂಶವನ್ನು ನೆಚ್ಚಿಕೊಂಡವರಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ಪ್ರತಿದಿನ ಸಂಜೆ ಮರುದಿನದ ಪಾಠವನ್ನು ಮೊಬೈಲಿನಿಂದ ಓದಿಸಿಕೊಂಡು ಸಿದ್ಧವಾಗುತ್ತಿದ್ದರು. ಅವರು ಒಮ್ಮೆ ಉಸ್ತುವಾರಿಗೆ ಫೋನ್ ಮಾಡಿದರು. ನಿಮ್ಮ ತಂತ್ರಾಂಶ ಹತ್ತೂವರೆ ಗಂಟೆ ಎಂದು ಓದಬೇಕಾದ ಕಡೆ ಹತ್ತು ದಶಾಂಶ ಮೂರು ಸೊನ್ನೆ ಎಂದು ಓದುತ್ತದೆ, ಇದು ನಿಮಗೆ ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದ ಅವನು. ತಿಳಿದೂ ಬಿಟ್ಟಿದ್ದೀರಾ ಎಂದು ಅವರು ಗದರಿದರು. ಮಕ್ಕಳ ಮುಂದೆ ತಾವು ನಗೆಪಾಟಲಾದುದನ್ನು ಹೇಳಿದರು. ಅವನು ಕ್ಷಮೆ ಕೇಳಿ, ಹೊಸಬರೊಬ್ಬರು ಬರುವ ತನಕ ಸಹಿಸಿಕೊಳ್ಳಬೇಕೆಂದು ವಿನಂತಿಸಿದ. ಉಪಾಧ್ಯಾಯಿನಿಗೆ ಆ ಮಾತು ಹಿಡಿಸಲಿಲ್ಲ. ಅವರ ಜಾಗದಲ್ಲಿದ್ದ ಯಾರಿಗೂ ಹಿಡಿಸುತ್ತಿರಲಿಲ್ಲ. ಆದರೂ ಸಹಿಸಿಕೊಂಡರು.

ಆ ಸಮಯಕ್ಕೆ ಒಬ್ಬ ನಿಪುಣ ಬಂದ. ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಕೈ ಚುರುಕು, ಮಾತು ಸಭ್ಯ. ಸೇವೆ ಮಾಡಬೇಕೆಂಬ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ಅವನು ಗುರುತು ಹಾಕಿದ ತಪ್ಪುಗಳನ್ನೆಲ್ಲ ಕಂಡ. ಒಂದು ರಜೆಯ ದಿನ ಕುಳಿತು ಎಲ್ಲವನ್ನೂ ತಿದ್ದಿ ಕಳುಹಿಸಿದ.

ಅವನ ತಿದ್ದುಪಡಿಗಳಲ್ಲಿ ಒಂದೂ ಕೊರತೆ ಇರಲಿಲ್ಲ. ಉಸ್ತುವಾರಿಗೆ ಹಿಂತಿರುಗಿಸಲು ಏನೂ ಇರಲಿಲ್ಲ, ಆದ್ದರಿಂದ ವಿವರಿಸಲೂ ಏನೂ ಇರಲಿಲ್ಲ. ಧನ್ಯವಾದ ಎಂದು ಬರೆದು ಎಲ್ಲವನ್ನೂ ಸೇರಿಸಿಕೊಂಡ. ಉಪಾಧ್ಯಾಯಿನಿಯ ಮೊಬೈಲು ಗಂಟೆಯನ್ನು ಸರಿಯಾಗಿ ಓದಿತು. ಅವರು ನಿಪುಣನಿಗೆ ಫೋನ್ ಮಾಡಿ ಹರಸಿದರು.

ಉಸ್ತುವಾರಿ ಒಳಭಾಗದ ಕೆಲಸವನ್ನು ನಿಪುಣನಿಗೇ ಕೊಡಲು ನೋಡಿದ. ನಿಪುಣ ಒಪ್ಪಿದ, ಬಿಡುವಾದಾಗ ನೋಡುತ್ತೇನೆ ಎಂದ. ಅದು ತಿಂಗಳುಗಟ್ಟಲೆ ಕೂತು ಕಲಿಯಬೇಕಾದ ಕೆಲಸ. ಅಷ್ಟು ಬಿಡುವು ಅವನಿಗೆ ಎಂದೂ ಆಗಲಿಲ್ಲ. ಆದರೆ ಹೊಸದಾಗಿ ಗುರುತು ಹಾಕಿದ ಸಣ್ಣ ತಪ್ಪುಗಳು ಮಾತ್ರ ಅದೇ ದಿನ ಮಾಯವಾಗುತ್ತಿದ್ದವು. ಊಟಕ್ಕೂ ಮೀಟಿಂಗಿಗೂ ನಡುವೆ ಮುಗಿಸಿದೆ ಎಂದು ನಿಪುಣ ಹೆಮ್ಮೆಯಿಂದ ಬರೆಯುತ್ತಿದ್ದ.

ಆ ತಂಡದವರು ಭಾನುವಾರ ಒಂದು ಗ್ರಂಥಾಲಯದ ಕೋಣೆಯಲ್ಲಿ ಸೇರುತ್ತಿದ್ದರು. ಒಂದು ಭಾನುವಾರ ಉಸ್ತುವಾರಿ ಎಲ್ಲರ ನಡುವೆಯೇ ನಿಪುಣನಿಗೆ ಹೇಳಿದ:

"ಸಣ್ಣವನ್ನು ಸ್ವಲ್ಪ ಉಳಿಸಿ, ಸಾರ್. ಬರುವವರಿಗೆ ಬೇಕಾಗುತ್ತದೆ."

"ತಪ್ಪು ಕಂಡ ಮೇಲೂ ಬಿಟ್ಟು ಹೋಗುವುದು ನನ್ನಿಂದಾಗದು" ಎಂದ ನಿಪುಣ. "ಪಾಪ, ಆ ಟೀಚರ್ ಕಾಯಬೇಕೇ? ಯಾವನೋ ಬಂದು ಕಲಿಯಲಿ ಎಂದು?"

ಉಸ್ತುವಾರಿಯ ಬಳಿ ಇದಕ್ಕೆ ಉತ್ತರವಿತ್ತು. ಆ ಉತ್ತರ ಹೇಳಬೇಕಾದರೆ ತಾನು ಸಾಯುವ ವಿಚಾರವನ್ನು ಹೇಳಬೇಕಾಗಿತ್ತು. ಅಷ್ಟು ಜನರ ನಡುವೆ ಅದನ್ನು ಹೇಳುವುದು ಅವನಿಗೆ ಅಸಭ್ಯವೆನಿಸಿತು. ತನ್ನ ಜಾಗಕ್ಕೆ ಹೋಗಿ ಕುಳಿತ. ಕೇಳಿಸಿಕೊಂಡ ಉಳಿದವರಿಗೆ ನಿಪುಣನ ಮಾತೇ ನ್ಯಾಯವೆನಿಸಿತು.

ಮುಂದಿನ ಭಾನುವಾರ ಉಸ್ತುವಾರಿ ಆಸ್ಪತ್ರೆಯಲ್ಲಿದ್ದ. ಅಂದು ಒಬ್ಬ ಗೃಹಿಣಿ ಗ್ರಂಥಾಲಯಕ್ಕೆ ಬಂದಳು. ಮದುವೆಗೆ ಮೊದಲು ಕಂಪ್ಯೂಟರ್ ಓದಿದ್ದವಳು, ಆಮೇಲೆ ಬಿಟ್ಟವಳು. ಮಕ್ಕಳು ದೊಡ್ಡವರಾದ ಮೇಲೆ ತಾನಾಗಿಯೇ ಮತ್ತೆ ಕಲಿತಿದ್ದಳು. ಮಗಳ ಹಳೆಯ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಇಂಥ ಕಡೆ ಬಂದದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತು ತನಗೆ ಮನೆಯಲ್ಲಿ ಪೂರ್ತಿ ಬಿಡುವು, ದಿನವೂ ಕೂರಬಲ್ಲೆ ಎಂದು ಬಾಗಿಲ ಬಳಿ ಕುಳಿತವನಿಗೆ ಹೇಳಿದಳು. ಅವನು ನಿಪುಣನ ಕಡೆ ಕೈ ತೋರಿಸಿದ.

"ನನಗೆ ಹೆಚ್ಚೇನೂ ಬರುವುದಿಲ್ಲ. ಸಣ್ಣದೇನಾದರೂ ಇದ್ದರೆ ಕೊಡಿ" ಎಂದಳು.

"ಸಣ್ಣದೆಲ್ಲ ಖಾಲಿ, ಮೇಡಂ" ಎಂದ ನಿಪುಣ. "ನೀವು ಬರುವುದು ತಡವಾಯಿತು. ದೊಡ್ಡದು ಬೇಕಾದಷ್ಟಿದೆ, ಒಂದು ಕೈ ನೋಡುತ್ತೀರಾ?"

ಸುತ್ತಲಿದ್ದವರು ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಗೃಹಿಣಿಯೂ ನಕ್ಕಳು. ನಿಪುಣ ತಾನೇ ಎದ್ದು ಅವಳಿಗೆ ಕುರ್ಚಿ ಹಾಕಿಕೊಟ್ಟ, ಚಹಾ ತರಿಸಿದ. ಆ ವಾರ ತಾನು ತಿದ್ದಿದ್ದನ್ನೆಲ್ಲ ಪರದೆಯ ಮೇಲೆ ತೋರಿಸಿದ. ಅವಳು ಎಲ್ಲವನ್ನೂ ನೋಡಿದಳು. ಇದು ನನಗೂ ಆಗುತ್ತಿತ್ತೇನೋ ಎಂದು ಒಂದು ಕಡೆ ಮೆಲ್ಲಗೆ ಹೇಳಿದಳು. ಚಹಾ ಕುಡಿದು, ಲೋಟ ತೊಳೆದು ಬೋರಲಾಗಿ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬಂದಿರಲಿಲ್ಲ.

ಉಸ್ತುವಾರಿ ಆಸ್ಪತ್ರೆಯಿಂದ ಹಿಂತಿರುಗಿದ ಮೇಲೆ ಈ ವಿಷಯವನ್ನು ಅವನಿಗೆ ತಿಳಿಸಬೇಕೆಂದು ಯಾರಿಗೂ ತೋರಲಿಲ್ಲ. ಆಮೇಲೆ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ. ಕಲಿಸುವುದಕ್ಕೆ ಅದು ಸಾಕಾಗುವಷ್ಟು ಸಮಯ. ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ಹೊಸಬರು ಯಾರೂ ಬರಲಿಲ್ಲ. ತಂತ್ರಾಂಶ ಎಂದೂ ಇಲ್ಲದಷ್ಟು ಚೆನ್ನಾಗಿ ನಡೆಯುತ್ತಿತ್ತು, ಸಣ್ಣ ತಪ್ಪೊಂದೂ ಇರಲಿಲ್ಲ. ಮಳೆಗಾಲದ ಆರಂಭದಲ್ಲಿ ಅವನು ತೀರಿಕೊಂಡ.

ಅವನು ಸತ್ತ ವರ್ಷವೇ ಮೊಬೈಲುಗಳ ಒಳವ್ಯವಸ್ಥೆ ಬದಲಾಯಿತು. ಅದಕ್ಕೆ ತಕ್ಕಂತೆ ತಂತ್ರಾಂಶದ ಒಳಭಾಗವನ್ನು ಬದಲಾಯಿಸಬೇಕಾಗಿತ್ತು. ಬದಲಾಯಿಸಬಲ್ಲವರು ಇರಲಿಲ್ಲ. ಒಂದು ಬೆಳಿಗ್ಗೆ ತಂತ್ರಾಂಶ ಮಾತು ನಿಲ್ಲಿಸಿತು.

ನಿಪುಣ ಕಚೇರಿಗೆ ರಜೆ ಹಾಕಿ ಕುಳಿತ. ಅವನು ಒಳಭಾಗವನ್ನು ತೆರೆದದ್ದು ಅದೇ ಮೊದಲು. ಸಾಲಿನ ಮೇಲೆ ಸಾಲು ಓದಿದ, ಅರ್ಥವಾಗಲಿಲ್ಲ. ತೀರ ಗಹನವಾದೊಂದು ಕಡೆ ಉಸ್ತುವಾರಿ ಒಂದು ಸೂಚನೆ ಬರೆದಿಟ್ಟಿದ್ದ: ಇಲ್ಲಿ ಏನನ್ನಾದರೂ ಬದಲಿಸುವ ಮೊದಲು ದಯವಿಟ್ಟು ನನ್ನನ್ನು ಕೇಳಿ. ನಿಪುಣ ಅದನ್ನು ಎರಡು ಸಲ ಓದಿದ. ಆಮೇಲೆ ಬದಲಿಸಿದ. ತಂತ್ರಾಂಶ ಒಮ್ಮೆ ಗೊಗ್ಗರು ದನಿಯಲ್ಲಿ ಏನೋ ಅಂದಿತು. ಅದು ಕನ್ನಡವಾಗಿರಲಿಲ್ಲ.

ಆ ಭಾನುವಾರ ಉಪಾಧ್ಯಾಯಿನಿ ಆಟೋ ಮಾಡಿಕೊಂಡು ಗ್ರಂಥಾಲಯಕ್ಕೆ ಬಂದರು. ಮೊಬೈಲನ್ನು ಮೇಜಿನ ಮೇಲೆ ಇಟ್ಟರು. ಇದು ಈಗ ತನ್ನಲ್ಲೇ ಇರುವ ದನಿಯಲ್ಲಿ ಇಂಗ್ಲಿಷನ್ನು ಮಾತ್ರ ಓದುತ್ತದೆ, ನಾನು ಕಲಿಸುವುದು ಕನ್ನಡದಲ್ಲಿ ಎಂದರು. ಅವರಿಗೆ ಕೋಪ ಬಂದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವರಿಗೆ ಕೋಪ ಬರಲಿಲ್ಲ.

"ಇದನ್ನು ಬಲ್ಲವರು ಇನ್ನೊಬ್ಬರು ಇದ್ದೇ ಇರುತ್ತಾರೆ ಅಂದುಕೊಂಡಿದ್ದೆ, ನೀವು ಇಷ್ಟೊಂದು ಜನ ಇದ್ದೀರಲ್ಲ" ಎಂದರು.

ಕೆಲವು ದಿನ ಮನೆಯವರಿಂದ ಓದಿಸಿಕೊಂಡು ಪಾಠ ಮಾಡಿದರು. ಮನೆಯವರಿಗೆ ಅವರವರ ಕೆಲಸವಿತ್ತು. ನೆನಪಿದ್ದ ಪಾಠವನ್ನೇ ಮತ್ತೆ ಮತ್ತೆ ಹೇಳುತ್ತಾರೆಂದು ಮಕ್ಕಳ ಮನೆಯಿಂದ ದೂರು ಬಂತು. ಶಾಲೆಯವರು ಅವರಿಗೆ ಪಾಠ ಬಿಡಿಸಿ, ಪ್ರಾರ್ಥನೆ ಹೇಳಿಸುವ ಕೆಲಸ ಕೊಟ್ಟರು. ಆ ವರ್ಷದ ಕೊನೆಗೆ ಅವರು ರಾಜೀನಾಮೆ ಕೊಟ್ಟರು.

ನಿಪುಣನಿಗೆ ಇದು ತಿಳಿಯಿತು. ಅವನಿಗೆ ಸೇವೆಯ ಮನಸ್ಸಿತ್ತೆಂದು ಮೊದಲೇ ಹೇಳಿದ್ದೇನೆ. ಎಲ್ಲವನ್ನೂ ಬುಡದಿಂದ ಹೊಸದಾಗಿ ಬರೆಯಬೇಕೆಂದು ನಿಶ್ಚಯಿಸಿದ. ಒಬ್ಬನ ಕೈಯಲ್ಲಿ ಅದು ಆಗದೆಂದು ಅವನಿಗೆ ಈಗ ಗೊತ್ತಿತ್ತು. ಸಣ್ಣ ಸಣ್ಣ ಕೆಲಸಗಳನ್ನು ಬೇರ್ಪಡಿಸಿ, ಇವು ಹೊಸಬರಿಗೆ ಎಂದು ತಾನೇ ಗುರುತು ಹಾಕಿದ. ತನಗೆ ನಿಮಿಷದಲ್ಲಿ ಆಗುವಂಥವು ಅವು. ಮುಟ್ಟದೆ ಕಾದ. ಭಾನುವಾರಗಳು ಬಂದು ಹೋದವು. ತಂಡದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಮಾತಾಡದ ತಂತ್ರಾಂಶಕ್ಕೆ ದುಡಿಯಲು ಹೊಸಬರಾರೂ ಬರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಕತೆ ಮುಗಿಯಿತೆಂದು ಕೌಸ್ತುಭನಿಗೆ ಒಪ್ಪಲಾಗಲಿಲ್ಲ.

"ಆ ಗೃಹಿಣಿ ಇದ್ದಳಲ್ಲ, ಗುರುಗಳೇ" ಎಂದ. "ಅವಳಿಗೆ ಮನಸ್ಸೂ ಇತ್ತು, ಬಿಡುವೂ ಇತ್ತು. ನಿಪುಣ ಅವಳನ್ನಾದರೂ ಕರೆಸಬಹುದಿತ್ತು."

"ಕರೆಸಲೆಂದು ಹೊರಟ" ಎಂದರು ಗುರುಗಳು, "ಆದರೆ ಅವಳು ಬಂದ ದಿನ ಅಲ್ಲಿ ಯಾರೂ ಅವಳ ಹೆಸರನ್ನು ಕೇಳಿರಲಿಲ್ಲ."